ಐನ್‌ಮನೆ (ಕೊಡವ ಕುಟುಂಬದ ಮೂಲಮನೆ) ಬಳಗದಲ್ಲಿ ಕೆಂಪು ಕೋಟು

ಚಿಕ್ಕಮ್ಮ: (ಚಿತ್ರ) ನಾಟಕದಲ್ಲಿ ಸೈನಿಕನಾಗುವ ಪುಟ್ಟನ ಕೋಟು ಮುಗಿಯಿತು. ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಕೊಂಡ ಎರಡು ಬೂದು ಕಂಬಳಿ, ಬಣ್ಣ, ನೂಲು ಎಲ್ಲ ಸೇರಿ 1,150 ರೂಪಾಯಿ.

ಸುಬೇದಾರ್ ಮಾವ: ಚೆನ್ನಾಗಿದೆ, ಆದರೆ ತಪ್ಪು. ನಾಟಕ ನಡೆಯುವುದು 1834ರ ಏಪ್ರಿಲ್‌ನಲ್ಲಿ, ಬ್ರಿಟಿಷರ ಕರ್ನಲ್ ಫ್ರೇಸರ್ ದಂಡೆತ್ತಿ ಮಡಿಕೇರಿಗೆ ಬಂದಾಗ. ಆಗಿನ ಕೋಟು ಮುಂದೆ ಸೊಂಟಕ್ಕೇ ನಿಂತು, ಹಿಂದೆ ಮಾತ್ರ ಬಾಲ ಬಿಡುತ್ತಿತ್ತು. ನೀನು ಹೊಲಿದಿರುವುದು ಹೈದರನ ಕಾಲದ್ದು.

ಚಿಕ್ಕಮ್ಮ: ಮುಂದೆ ಸೊಂಟದಿಂದ ಇಳಿಬಿದ್ದ ಎರಡು ಭಾಗ ಕತ್ತರಿಸಿದರಾಯಿತು. ಆ ತುಂಡುಗಳಲ್ಲಿ ಕಾಲರ್ ಎತ್ತರಿಸುತ್ತೇನೆ.

ಗೋಣಿಕೊಪ್ಪದ ಅಣ್ಣ: ಮೈಸೂರಿನಲ್ಲಿ ಬಾಡಿಗೆಗೆ ಫಳಫಳ ಹೊಳೆಯುವ ಕೋಟು ಸಿಗುತ್ತದೆ. ಒಂದು ಸಂಜೆಗಾಗಿ ಮೂರು ವಾರ ಬೆರಳು ಚುಚ್ಚಿಕೊಳ್ಳಬೇಕೇ?

ಚಿಕ್ಕಮ್ಮ: ಹೊಳೆಯುವುದೇ ಅದರ ದೋಷ. ಉಣ್ಣೆಯ ಮೇಲೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿದರೆ ಭುಜದ ತಿರುವು ಹೇಳಿದಂತೆ ಕೂರುತ್ತದೆ. ಪಾಲಿಯೆಸ್ಟರ್ ಮಾತು ಕೇಳುವುದಿಲ್ಲ.

ಅಜ್ಜಿ: ಅದು ಉಣ್ಣೆಯೇ ಎಂದು ಯಾರು ಹೇಳಿದರು? ಮಾರಿದವನೇ?

ಚಿಕ್ಕಮ್ಮ: ಮೂರು ಕಂಬಳಿಗಳಿಂದ ಒಂದೊಂದು ಎಳೆ ಕಿತ್ತು ಅಲ್ಲೇ ಕಡ್ಡಿ ಗೀರಿದೆ. ಒಂದು ಕರಗಿ ಗಟ್ಟಿ ಮಣಿಯಾಯಿತು. ಉಳಿದೆರಡರಿಂದ ಸುಟ್ಟ ಕೂದಲಿನ ವಾಸನೆ ಬಂತು, ಬೆಂಕಿ ತಾನಾಗಿ ಆರಿತು, ಬೂದಿ ಬೆರಳಲ್ಲಿ ಪುಡಿಯಾಯಿತು. ಮಾರುವವನ ಮುಖ ಮಾತ್ರ ಕೆಟ್ಟಿತು, ಇರಲಿ. ಬಚ್ಚಲ ಹಂಡೆಯಲ್ಲಿ ಬಣ್ಣಕ್ಕೆ ವಿನೆಗರ್ ಬೆರೆಸಿ ಕುದಿಸಿದೆ. ತಿರುವಿದ್ದು ಹೆಚ್ಚಾಗಿ ಕಂಬಳಿ ಗೇಣುದ್ದ ಕುಗ್ಗಿತು, ಅಳುವೇ ಬಂತು. ಒಣಗಿದ ಮೇಲೆ ನೋಡಿದರೆ ಎಳೆಗಳು ಬೆಸೆದುಕೊಂಡಿವೆ, ಕತ್ತರಿಸಿದ ಅಂಚು ಬಿಚ್ಚುವುದೇ ಇಲ್ಲ! ಆ ಕಾಲದವರೂ ಉಣ್ಣೆ ಬಟ್ಟೆಯನ್ನು ಬೇಕೆಂದೇ ಹೀಗೆ ದಟ್ಟಗೊಳಿಸಿ, ಅಂಚು ಮಡಿಚದೆ ಬಿಡುತ್ತಿದ್ದರು.

ಅಜ್ಜಿ: ವಿನೆಗರ್ ತಾನೇ? ನನ್ನ ಅಡುಗೆಯ ಹುಳಿ, ಕಾಚಂಪುಳಿಯ ಬಾಟಲಿ ಅರ್ಧಕ್ಕೆ ಇಳಿದಿದೆ.

ಚಿಕ್ಕಮ್ಮ: ಅದು ಭಾನುವಾರದ ಪಂದಿಕರಿಗೆ ಹೋಯಿತು. ಅಣ್ಣನನ್ನು ಕೇಳಿ, ಮೂರು ಸಲ ಬಡಿಸಿಕೊಂಡಿದ್ದ.

ಸುಬೇದಾರ್ ಮಾವ: ಬಣ್ಣವೂ ಇಟ್ಟಿಗೆಯಂತಿದೆ. ಫ್ರೇಸರ್‌ಗೆ ಕಡುಗೆಂಪು ಬೇಕು. ಕಂಕುಳಲ್ಲಿ ತೇಪೆ ಬೇರೆ.

ಚಿಕ್ಕಮ್ಮ: ಕಡುಗೆಂಪು ಅಧಿಕಾರಿಗಳದ್ದು, ಕೊಚಿನಿಯಲ್ ಹುಳುವಿನಿಂದ ಬರುತ್ತಿತ್ತು. ಸಾಮಾನ್ಯ ಸೈನಿಕನಿಗೆ ಮಂಜಿಷ್ಠದ ಜಾತಿಯ ಬೇರಿನ ಮಂಕು ಕೆಂಪೇ ಗತಿ. ನಮ್ಮ ಪುಟ್ಟ ಸೈನಿಕ, ಫ್ರೇಸರ್ ಅಲ್ಲ. ಇನ್ನು ತೇಪೆ: ಆಗ ಬಟ್ಟೆ ದುಬಾರಿ, ಕೂಲಿ ಅಗ್ಗ. ಕಾಣದ ಕಡೆ ತುಂಡು ಕೂಡಿಸುವುದನ್ನು ಯಾವ ದರ್ಜಿಯೂ ಅವಮಾನವೆಂದು ಎಣಿಸುತ್ತಿರಲಿಲ್ಲ.

ಗೋಣಿಕೊಪ್ಪದ ಅಣ್ಣ: ಈಗ ಕೂಲಿ ಅಗ್ಗವೇ? ಮೂರು ವಾರದ ಲೆಕ್ಕ ಹಿಡಿದರೆ ನಿನ್ನ 1,150 ಸುಳ್ಳು.

ಚಿಕ್ಕಮ್ಮ: ಸುಳ್ಳೇ, ಒಪ್ಪಿದೆ. ಆದರೆ ಈ ಮಳೆಯಲ್ಲಿ ನಾನು ಯಾರ ತೋಟಕ್ಕೆ ಕೂಲಿಗೆ ಹೋಗುತ್ತಿದ್ದೆ? ಕುಳಿತು ಧಾರಾವಾಹಿ ನೋಡುತ್ತಿದ್ದೆ.

ಸುಬೇದಾರ್ ಮಾವ: ಗುಂಡಿ ಇಲ್ಲವಲ್ಲ? ನನ್ನ ಹಳೆಯ ಸಮವಸ್ತ್ರದ ಹಿತ್ತಾಳೆ ಗುಂಡಿಗಳಿವೆ. ಕಳುಹಿಸುತ್ತೇನೆ.

ಚಿಕ್ಕಮ್ಮ: ಅವುಗಳ ಮೇಲೆ ಅಶೋಕನ ಸಿಂಹಗಳಿವೆ, ಮಾವ. 1834ರ ಕೋಟಿಗೆ?

ಸುಬೇದಾರ್ ಮಾವ: ಪುಟ್ಟನನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸಲು ಹೇಳು.