ಜಠರ ಕ್ಯಾನ್ಸರ್ ಮತ್ತು ನಾನ್‌ಕೋಡಿಂಗ್ ಆರ್‌ಎನ್‌ಎ: ಸ್ಪಂಜ್ ಎನ್ನಲು ಏನೇನು ಬೇಕು?

ಪ್ರಶ್ನೆ: ಸರ್, ಗೆಡ್ಡೆಯ ಮಾದರಿಗಳಲ್ಲಿ ಒಂದು ಉದ್ದ ನಾನ್‌ಕೋಡಿಂಗ್ ಆರ್‌ಎನ್‌ಎ (ಪ್ರೋಟೀನ್ ಮಾಡದ ಆರ್‌ಎನ್‌ಎ) ಜಾಸ್ತಿ ಇದೆ, ಅದಕ್ಕೆ ಅಂಟಬಲ್ಲ ಮೈಕ್ರೋಆರ್‌ಎನ್‌ಎ (ಜೀನ್‌ಗಳನ್ನು ದಮನಿಸುವ ಪುಟ್ಟ ಆರ್‌ಎನ್‌ಎ) ಕಡಿಮೆ ಇದೆ. ಉದ್ದದ್ದು ಮೈಕ್ರೋಆರ್‌ಎನ್‌ಎಯನ್ನು ಹೀರಿ ಕಟ್ಟಿಹಾಕುವ ಸ್ಪಂಜ್ ಎಂದು ಬರೆಯಬಹುದೇ? ಎಸ್‌ಐಆರ್‌ಎನ್‌ಎ (ಗುರಿ ಆರ್‌ಎನ್‌ಎಯನ್ನು ನಾಶಮಾಡಿಸುವ ಪುಟ್ಟ ಆರ್‌ಎನ್‌ಎ) ಹಾಕಿದರೂ ಉದ್ದ ಆರ್‌ಎನ್‌ಎ ಅಷ್ಟಾಗಿ ಇಳಿಯುತ್ತಿಲ್ಲ. ಲ್ಯಾಬ್‌ನಲ್ಲಿ ಬಳಸುತ್ತಿರುವ ಕೋಶಗಳು ಎಸ್‌ಜಿಸಿ-7901.

ಉತ್ತರ: ಮೊದಲು ಆ ಕೋಶಗಳನ್ನು ಬಿಡಿ. ಎಸ್‌ಜಿಸಿ-7901, ಬಿಜಿಸಿ-823 ಎರಡೂ ಹೀಲಾ ಬೆರೆತವು ಎಂದು ಗುರುತಾಗಿವೆ. ಹೀಲಾ ಗರ್ಭಕಂಠ ಕ್ಯಾನ್ಸರ್‌ನ ಕೋಶ, ಜಠರದ್ದಲ್ಲ. ಜಠರ ಕ್ಯಾನ್ಸರ್‌ನವೇ ಆದ ಎಜಿಎಸ್ ಅಥವಾ ಎನ್‌ಸಿಐ-ಎನ್87 ತೆಗೆದುಕೊಳ್ಳಿ, ಎಸ್‌ಟಿಆರ್ ಪರೀಕ್ಷೆ (ಕೋಶಗಳ ಗುರುತು ಹಿಡಿಯುವ ಡಿಎನ್‌ಎ ಪರೀಕ್ಷೆ) ಮಾಡಿಸಿಯೇ ಶುರುಮಾಡಿ.

ಒಂದು ಏರಿ ಇನ್ನೊಂದು ಇಳಿದ ಮಾತ್ರಕ್ಕೆ ಸ್ಪಂಜ್ ಆಗುವುದಿಲ್ಲ. ಗೆಡ್ಡೆಯಲ್ಲಿ ಫೈಬ್ರೋಬ್ಲಾಸ್ಟ್ (ಅಂಗಾಂಶದ ಆಧಾರ ಕೋಶ), ರಕ್ಷಣಾ ಕೋಶಗಳ ಪಾಲು ಬದಲಾದರೂ ಇದೇ ಚಿತ್ರ ಕಾಣುತ್ತದೆ.

ಎಸ್‌ಐಆರ್‌ಎನ್‌ಎ ಸೋತಿರುವುದೇ ಒಂದು ಸುಳಿವು: ನಿಮ್ಮ ಆರ್‌ಎನ್‌ಎ ಕೋಶಕೇಂದ್ರದಲ್ಲೇ ಕೂತಿರಬಹುದು. ಕೇಂದ್ರ ಮತ್ತು ಕೋಶರಸ ಬೇರ್ಪಡಿಸಿ ಅಳೆಯಿರಿ. ಕೇಂದ್ರದಲ್ಲೇ ಇರುವ ಯು6 ಆರ್‌ಎನ್‌ಎ ಕೇಂದ್ರದ ಭಾಗದಲ್ಲಿ, ಕೋಶರಸದಲ್ಲಿರುವ ಜಿಎಪಿಡಿಎಚ್ ಎಂಆರ್‌ಎನ್‌ಎ ಕೋಶರಸದ ಭಾಗದಲ್ಲಿ ಸಿಗದಿದ್ದರೆ ಬೇರ್ಪಡಿಕೆಯೇ ಕೆಟ್ಟಿದೆ. ನಿಮ್ಮ ಆರ್‌ಎನ್‌ಎ ಕೇಂದ್ರದಲ್ಲಿದ್ದರೆ ಗ್ಯಾಪ್‌ಮರ್ (ಗುರಿ ಆರ್‌ಎನ್‌ಎಗೆ ಅಂಟುವ ಕೃತಕ ತುಣುಕು) ಬಳಸಿ. ಅದರ ನಡುವಿನ ಡಿಎನ್‌ಎ ತುಂಡು ಆರ್‌ಎನ್‌ಏಸ್ ಎಚ್ ಎಂಬ ಕಿಣ್ವದಿಂದ ಗುರಿಯನ್ನು ಕತ್ತರಿಸಿಸುತ್ತದೆ. ಕನಿಷ್ಠ ಎರಡು ಬೇರೆ ಅನುಕ್ರಮಗಳಿರಲಿ.

ಕೋಶರಸದಲ್ಲಿದ್ದರೆ ಲೆಕ್ಕ ಹಾಕಿ. ಸ್ಟ್ಯಾಂಡರ್ಡ್ ಕರ್ವ್‌ನಿಂದ (ಗೊತ್ತಿರುವ ಪ್ರಮಾಣಗಳಿಂದ ಎಳೆದ ಅಳತೆಗೆರೆ) ಕೋಶಕ್ಕೆ ಎಷ್ಟು ಪ್ರತಿ ಎಂದು ತೆಗೆಯಿರಿ. ಉದಾಹರಣೆಗೆ ಮೈಕ್ರೋಆರ್‌ಎನ್‌ಎ 5000 ಇದ್ದು, ಒಂದೇ ಸೀಡ್ ತಾಣದ (ಮೈಕ್ರೋಆರ್‌ಎನ್‌ಎ ಅಂಟುವ ಜಾಗ) ಉದ್ದ ಆರ್‌ಎನ್‌ಎ 20 ಇದ್ದರೆ, ಅದು ಹೀರಿಕೊಳ್ಳುವುದಾದರೂ ಎಷ್ಟನ್ನು? ನನ್ನ ಮಟ್ಟಿಗೆ ಹೆಚ್ಚಿನ ಸ್ಪಂಜ್ ವಾದಗಳು ಬೀಳುವುದು ಇಲ್ಲೇ.

ಲೆಕ್ಕ ಕೂಡಿಬಂದರೆ ಲೂಸಿಫೆರೇಸ್ ಪರೀಕ್ಷೆ (ದಮನವನ್ನು ಬೆಳಕಿನ ಇಳಿಕೆಯಿಂದ ಅಳೆಯುವುದು): ಮೈಕ್ರೋಆರ್‌ಎನ್‌ಎಯ 2ರಿಂದ 8ನೇ ನ್ಯೂಕ್ಲಿಯೋಟೈಡ್‌ವರೆಗಿನ ಸೀಡ್‌ಗೆ ಹೊಂದುವ ತಾಣವನ್ನು ಕೆಡಿಸಿ, ಆಮೇಲೆ ಅದಕ್ಕೆ ತಕ್ಕಂತೆ ಮಿಮಿಕ್ (ಕೃತಕ ಮೈಕ್ರೋಆರ್‌ಎನ್‌ಎ) ಅನ್ನೂ ಬದಲಿಸಿ. ದಮನ ಮರಳಿ ಬಂದರೆ ಮಾತ್ರ ನಂಬಿ. ಮಿಮಿಕ್ 50 ನ್ಯಾನೋಮೋಲಾರ್ ಸುರಿದರೆ ಸಹಜವಾಗಿ ಅಂಟದ್ದೂ ಅಂಟುತ್ತದೆ. 1ರಿಂದ 5ರಲ್ಲಿ ನೋಡಿ.

ಪ್ರಶ್ನೆ: ಒಂದೇ ಆರ್‌ಎನ್‌ಎ ಕೇಂದ್ರದಲ್ಲಿ ಜೀನ್ ಮುಚ್ಚುವುದು, ಕೋಶರಸದಲ್ಲಿ ಸ್ಪಂಜ್ ಆಗುವುದು, ಎರಡೂ ಕೆಲಸ ಮಾಡಬಹುದೇ ಮೇಡಂ?

ಉತ್ತರ (ಇನ್ನೊಬ್ಬರು): ಮಾಡಬಹುದು. ಹೋಟೇರ್ ಎಂಬ ಉದ್ದ ನಾನ್‌ಕೋಡಿಂಗ್ ಆರ್‌ಎನ್‌ಎ ಜೊತೆ ಪಿಆರ್‌ಸಿ2 ಎಂಬ ಪ್ರೋಟೀನ್ ಸಂಕೀರ್ಣ ಸೇರಿ, ತನ್ನ ಕಿಣ್ವ ಇಝಡ್‌ಎಚ್2 ಮೂಲಕ ಎಚ್3ಕೆ27 (ಡಿಎನ್‌ಎ ಸುತ್ತಿಕೊಳ್ಳುವ ಹಿಸ್ಟೋನ್ ಎಚ್3ಯ ಒಂದು ತಾಣ) ಮೇಲೆ ಮೂರು ಮೀಥೈಲ್ ಕೂರಿಸಿ ಜೀನ್ ಮುಚ್ಚುತ್ತದೆ ಎನ್ನುವುದು ಒಂದು ವಿವರಣೆ. ಜಠರ ಕ್ಯಾನ್ಸರ್‌ನಲ್ಲೇ ಹೋಟೇರ್ ಮಿರ್-331-3ಪಿ ಎಂಬ ಮೈಕ್ರೋಆರ್‌ಎನ್‌ಎಯನ್ನು ಕಟ್ಟಿಹಾಕಿ, ಕ್ಯಾನ್ಸರ್ ಬೆಳೆಸುವ ಹರ್2 ಏರಿಸುತ್ತದೆ ಎಂಬ ವರದಿಯೂ ಇದೆ. ಆದರೆ ಪಿಆರ್‌ಸಿ2 ಎಷ್ಟೋ ಆರ್‌ಎನ್‌ಎಗಳಿಗೆ ಅಂಟುತ್ತದೆ. ಅಂಟಿದ್ದನ್ನಷ್ಟೇ ತೋರಿಸಬೇಡಿ, ಆರ್‌ಎನ್‌ಎ ಇಳಿಸಿದಾಗ ಆ ಜೀನಿನ ಪ್ರಮೋಟರ್ (ಜೀನ್ ಶುರುವಾಗುವ ನಿಯಂತ್ರಣ ಭಾಗ) ಮೇಲೆ ಮೀಥೈಲ್ ಗುರುತೂ ಕಡಿಮೆಯಾಯಿತೇ ಎಂದು ಚಿಪ್ ಪರೀಕ್ಷೆಯಲ್ಲಿ (ಆ ಗುರುತಿರುವ ಡಿಎನ್‌ಎಯನ್ನು ಪ್ರತಿಕಾಯದಿಂದ ಹಿಡಿದು ಅಳೆಯುವುದು) ನೋಡಿ.