ಸಹಾಯ ಬೇಕು: ರೇಡಿಯೋ ಸ್ಕ್ಯಾನರ್ ಮಾತನ್ನು ಅರ್ಧಕ್ಕೇ ಬಿಟ್ಟು ಓಡುತ್ತಿದೆ

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನ ಬದಿಯಡ್ಕ ಕಡೆಯವನು. ಹೋದ ವರ್ಷ ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಸಿಕ್ಕಿತು. ಮಾವ ಗಲ್ಫಿನಿಂದ ತಂದಿದ್ದ ಹಳೆಯ ಸ್ಕ್ಯಾನರ್ (ಒಂದೊಂದೇ ಚಾನೆಲ್ ನೋಡುತ್ತಾ ಹೋಗಿ, ಮಾತು ಸಿಕ್ಕಲ್ಲಿ ನಿಲ್ಲುವ ರೇಡಿಯೋ) ಈಗ ನನ್ನ ಕೈಯಲ್ಲಿದೆ. 50 ಸೆಂಟಿಮೀಟರ್ ತಂತಿ ಕತ್ತರಿಸಿ, ಅಡಿಕೆ ಕೊಯ್ಯುವ ದೋಟಿಯ ತುದಿಗೆ ಕಟ್ಟಿ ಅಂಗಳದಲ್ಲಿ ನಿಲ್ಲಿಸಿದ್ದೇನೆ. ಅದೇ ಆಂಟೆನಾ. ಸುತ್ತ ಗುಡ್ಡ, ಹಾಗಾಗಿ ಪೊಸಡಿ ಗುಂಪೆ ಹತ್ತಿದಾಗಲೇ ಸಿಗ್ನಲ್ ಜಾಸ್ತಿ.

ರಿಪೀಟರ್ (ಸಿಗ್ನಲ್ ಹಿಡಿದು ಮತ್ತೆ ದೂರಕ್ಕೆ ಬಿಡುವ ಸ್ಟೇಷನ್) ಲೆಕ್ಕ ಅರ್ಥವಾಗಿದೆ. ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿ, ಅದೇ ಕ್ಷಣ ಇನ್ನೊಂದರಲ್ಲಿ ಬಿಡುತ್ತದೆ. ಹ್ಯಾಮ್‌ನವರು ಬಳಸುವ 2 ಮೀಟರ್ ತರಂಗದ ಬ್ಯಾಂಡಿನಲ್ಲಿ ಇವೆರಡರ ನಡುವೆ ಸಾಮಾನ್ಯವಾಗಿ 600 ಕಿಲೋಹರ್ಟ್ಸ್ ಅಂತರ. ನಾವು ಔಟ್‌ಪುಟ್, ಅಂದರೆ ಅದು ಬಿಡುವ ಫ್ರೀಕ್ವೆನ್ಸಿ, ಹಾಕಿಕೊಂಡರೆ ಸಾಕು, ಅಲ್ವಾ? ಆದರೆ ಒಬ್ಬರು ಮಾತು ನಿಲ್ಲಿಸಿದ ಕೂಡಲೇ ಸ್ಕ್ಯಾನರ್ ಮುಂದಕ್ಕೆ ಹೋಗುತ್ತದೆ, ಉತ್ತರ ತಪ್ಪಿಹೋಗುತ್ತದೆ. ಡಿಲೇ (ಮಾತು ನಿಂತ ಮೇಲೆ ಅಲ್ಲೇ ಕಾಯುವ ಹೊತ್ತು) 2 ಸೆಕೆಂಡ್ ಇಟ್ಟರೂ ಸಾಲುತ್ತಿಲ್ಲ. ನೀವು ಎಷ್ಟು ಇಡುತ್ತೀರಿ?

ನನಗೆ ನಿಜವಾಗಿ ತಲೆಬಿಸಿ ಟ್ರಂಕಿಂಗ್‌ದು. ಅಲ್ಲಿ ಕೆಲವೇ ಚಾನೆಲ್‌ಗಳನ್ನು ಹಲವು ಗುಂಪುಗಳು ಹಂಚಿಕೊಳ್ಳುತ್ತವೆ. ಪ್ರಶ್ನೆ ಒಂದು ಚಾನೆಲ್‌ನಲ್ಲಿ, ಉತ್ತರ ಇನ್ನೊಂದರಲ್ಲಿ ಬರಬಹುದು. ಯಾವ ಗುಂಪಿಗೆ ಯಾವ ಚಾನೆಲ್ ಅಂತ ಕಂಟ್ರೋಲ್ ಚಾನೆಲ್ ಹೇಳುತ್ತಲೇ ಇರುತ್ತದೆ. ಸ್ಕ್ಯಾನರ್ ಅದನ್ನು ಓದಿ ಬೆನ್ನು ಹತ್ತಬೇಕು. ನನ್ನದಕ್ಕೆ ಓದಲು ಬರುವುದಿಲ್ಲ, ಸುಮ್ನೆ ಗರಗರ ಸದ್ದು.

ಬೇರೆಯವರ ಮಾತು ಕದ್ದು ಕೇಳುವ ಆಸೆ ಖಂಡಿತ ಇಲ್ಲ. ಊರಿನ ಶಾಲೆಯ ಮಕ್ಕಳಿಗೆ ಈ ಕೆಲಸ ಹೇಗೆ ನಡೆಯುತ್ತದೆ ಅಂತ ತೋರಿಸಬೇಕು. ಎರಡು ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರೇಡಿಯೋ ರಿಸೀವರ್) ಇಟ್ಟು, ಒಂದು ಕಂಟ್ರೋಲಿಗೆ, ಒಂದು ಮಾತಿಗೆ ಅಂತ ಮಾಡಿದವರು ಇದ್ದೀರಾ? ಮಂಗಳೂರು, ಪುತ್ತೂರು ಕಡೆಯವರಾದರೆ ನಾನೇ ಬಂದು ನೋಡುತ್ತೇನೆ.