ಹಳೆ ಎಸ್ಟೀಮ್: ಸೆನ್ಸರ್ ಕೊಳ್ಳೋ ಮೊದಲು ಮೀಟರ್ ಹಿಡೀರಿ

ಕೇಳಿದ್ದು: 2004ರ ಮಾರುತಿ ಎಸ್ಟೀಮ್, ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಇಂಜೆಕ್ಟರ್‌ನಿಂದ ಪೆಟ್ರೋಲ್ ಸಿಂಪಡಿಸೋ ಇಂಜಿನ್). ಇಂಜಿನ್ ಕಾದ ಮೇಲೂ ಸೈಲೆನ್ಸರ್‌ನಲ್ಲಿ ಪೆಟ್ರೋಲ್ ವಾಸನೆ, ಐಡಲಿಂಗ್ ಏರಿಳಿತ, ಮೈಲೇಜ್ ಬಿದ್ದಿದೆ. ಗ್ಯಾರೇಜಿನವರು ಎಲ್ಲ ಸೆನ್ಸರ್ ಬದಲಿಸೋಣ ಅಂತಾರೆ. ಯಾವುದರಿಂದ ಶುರು ಮಾಡಲಿ?

— ಸ್ಪಾರ್ಕ್ ಪ್ಲಗ್‌ನಿಂದ. ನಾಲ್ಕನ್ನೂ ಬಿಚ್ಚಿ ಸಾಲಾಗಿ ಇಡಿ. ಒಣ ಕಪ್ಪು ಮಸಿ ಅಂದರೆ ಪೆಟ್ರೋಲ್ ಜಾಸ್ತಿ. ಎಣ್ಣೆ ಜಿಡ್ಡಾದರೆ ಅದು ಸೆನ್ಸರ್ ಮಾತೇ ಅಲ್ಲ, ಪಿಸ್ಟನ್ ರಿಂಗ್ ಇಲ್ಲವೇ ವಾಲ್ವ್ ಸೀಲ್ ಸವೆದು ಇಂಜಿನ್ ಆಯಿಲ್ ಒಳಗೆ ಬರ್ತಿದೆ. ಒಂದೇ ಕಪ್ಪಾಗಿದ್ದರೆ ಆ ಸಿಲಿಂಡರಿನ ಇಂಜೆಕ್ಟರ್, ಪ್ಲಗ್ ವೈರ್ ನೋಡಿ. ನಾಲ್ಕೂ ಕಪ್ಪಾದರೆ ಮೊದಲು ಏರ್ ಫಿಲ್ಟರ್, ಆಮೇಲೆ ಕೂಲೆಂಟ್ ಸೆನ್ಸರ್ (ಇಂಜಿನ್ ತಣಿಸೋ ನೀರಿನ ಬಿಸಿ ಅಳೆಯೋದು).

— ಕೂಲೆಂಟ್ ಸೆನ್ಸರ್ ಎರಡಿರುತ್ತವೆ, ಇಲ್ಲೇ ಜನ ಎಡವೋದು. ಒಂಟಿ ವೈರಿನದ್ದು ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳಿಗೆ, ಎರಡು ವೈರಿನದ್ದು ಇಸಿಎಂಗೆ, ಅಂದರೆ ಪೆಟ್ರೋಲ್ ಎಷ್ಟು ಬಿಡಬೇಕು ಅಂತ ತೀರ್ಮಾನಿಸೋ ಇಂಜಿನ್ ಕಂಪ್ಯೂಟರಿಗೆ. ಮುಳ್ಳು ಸರಿಯಿದ್ದ ಮಾತ್ರಕ್ಕೆ ಎರಡನೆಯದೂ ಸರಿ ಅನ್ನೋಕಾಗಲ್ಲ. ಕೀ ಆಫ್ ಮಾಡಿ, ಕನೆಕ್ಟರ್ ತೆಗೆದು ಮಲ್ಟಿಮೀಟರ್‌ನಲ್ಲಿ ಸೆನ್ಸರಿನ ರೆಸಿಸ್ಟೆನ್ಸ್ ಅಳೆಯಿರಿ: 20 ಡಿಗ್ರಿಯಲ್ಲಿ ಸುಮಾರು 2.5 ಕಿಲೋ ಓಮ್, 80 ಡಿಗ್ರಿಯಲ್ಲಿ ಸುಮಾರು 0.3. ಕಾದ ಮೇಲೂ 1 ಕಿಲೋ ಓಮ್‌ಗಿಂತ ಕೆಳಗಿಳಿಯದಿದ್ದರೆ ಇಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಇಸಿಎಂ ಪೆಟ್ರೋಲ್ ಸುರೀತಾನೇ ಇರುತ್ತೆ. ಮುಳ್ಳೂ ಮೇಲೇಳದಿದ್ದರೆ ಮಾತ್ರ ಸೆನ್ಸರನ್ನು ಬಿಟ್ಟು ಥರ್ಮೋಸ್ಟಾಟ್ (ಇಂಜಿನ್ ಕಾಯೋವರೆಗೂ ನೀರು ರೇಡಿಯೇಟರಿಗೆ ಹೋಗದಂತೆ ತಡೆಯೋ ವಾಲ್ವ್) ನೋಡಿ, ಅದು ತೆರೆದೇ ಸಿಕ್ಕಿಕೊಂಡಿರಬಹುದು.

— ಏರಿಳಿತಕ್ಕೆ ನನ್ನ ಅನುಮಾನ ಮ್ಯಾಪ್ ಸೆನ್ಸರಿನ (ಇಂಜಿನ್ ಒಳಗೆ ಗಾಳಿ ಹೋಗೋ ಮ್ಯಾನಿಫೋಲ್ಡಿನ ಒತ್ತಡ ಅಳೆಯೋದು) ರಬ್ಬರ್ ಹೋಸ್ ಮೇಲೆ. ಬಿರುಕಿನಿಂದ ಹೊರಗಿನ ಗಾಳಿ ನುಗ್ಗಿದರೆ ಲೋಡ್ ಹೆಚ್ಚಿದೆ ಅನ್ನೋ ಸುಳ್ಳು ಸುದ್ದಿ ಇಸಿಎಂಗೆ ಹೋಗುತ್ತೆ, ಪೆಟ್ರೋಲ್ ಏರುತ್ತೆ. ಬಿರುಕು ತುದಿಯಲ್ಲಿದ್ದು ಹೋಸ್ ಉದ್ದ ಸಾಕಷ್ಟಿದ್ದರೆ ಅರ್ಧ ಇಂಚು ಕತ್ತರಿಸಿ ಕೂರಿಸಿ, ಕಾಸು ಖರ್ಚಿಲ್ಲ. ಸೆನ್ಸರನ್ನೇ ಅಳೆಯೋದಾದರೆ ಕೀ ಆನ್, ಇಂಜಿನ್ ಆಫ್. ಮಂಗಳೂರಲ್ಲಿ ಬರೋ ವೋಲ್ಟೇಜ್ ಬೆಂಗಳೂರಲ್ಲಿ ಬರಲ್ಲ. 900 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡವೇ ಹತ್ತರಲ್ಲಿ ಒಂದು ಪಾಲು ಕಮ್ಮಿ. ಇದು ಗೊತ್ತಿಲ್ಲದೆ ಎಷ್ಟೋ ಒಳ್ಳೆ ಸೆನ್ಸರ್ ಗುಜರಿ ಸೇರ್ತವೆ.

— ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡೋ ಆಕ್ಸಿಜನ್ ಸೆನ್ಸರ್ ದುಬಾರಿ, ಅದಕ್ಕೇ ಕೊನೆಗೆ. ಬಿಸಿ ಇಂಜಿನ್‌ನಲ್ಲಿ 0.1ರಿಂದ 0.9 ವೋಲ್ಟ್ ನಡುವೆ ಓಡಾಡ್ತಿದ್ದರೆ ಜೀವಂತ. 0.9ರಲ್ಲೇ ನಿಂತರೆ ಅದು ಸತ್ತಿದೆ ಅಂತಲ್ಲ, ಪೆಟ್ರೋಲ್ ಜಾಸ್ತಿ ಅನ್ನೋ ನಿಜವನ್ನೇ ಹೇಳ್ತಿರಬಹುದು. ಮೇಲಿನದೆಲ್ಲ ಸರಿಮಾಡಿ, ಮತ್ತೆ ಅಳೆಯಿರಿ.

— ಮಸಿ ಹಿಡಿದ ಪ್ಲಗ್ ಬದಲಿಸೋವಾಗ: ಎನ್‌ಜಿಕೆ ನಂಬರಿನ ಕೊನೆಯಲ್ಲಿ 11 ಇದ್ದರೆ ಕಿಡಿ ಹಾರೋ ಗ್ಯಾಪ್ 1.1 ಮಿ.ಮೀ. ಬಾಕ್ಸಿಂದ ತೆಗೆದಾಗಲೂ ಫೀಲರ್ ಗೇಜ್ (ಸಂದಿ ಅಳೆಯೋ ತೆಳು ಪಟ್ಟಿ) ಹಾಕಿ ನೋಡಿ. ಇಂಜಿನ್ ತಣ್ಣಗಿರಲಿ, ಕೈಯಲ್ಲೇ ಪೂರ್ತಿ ತಿರುಗಿಸಿ, ಆಮೇಲೆ ಟಾರ್ಕ್ ರೆಂಚಿನಲ್ಲಿ 25 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಿ. ಪ್ಲಗ್ ಕೂರೋ ಸಿಲಿಂಡರ್ ಹೆಡ್ ಅಲ್ಯೂಮಿನಿಯಂ, ಥ್ರೆಡ್ ಹೋದರೆ ಉಳಿದ ಎಲ್ಲ ಖರ್ಚೂ ಸಣ್ಣದು ಅನ್ನಿಸುತ್ತೆ.